ಖಿನ್ನತೆ: ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಎರಡು ಸಲ ಖಿನ್ನತೆಗೆ ಬಿದ್ದು, ಎರಡು ಸಲವೂ ಚಿಕಿತ್ಸೆ ಪಡೆದು ಎದ್ದವಳು. ಇದನ್ನು ಮುಚ್ಚಿಡದೆ ಹೇಳಿಕೊಳ್ಳಲು ಶುರು ಮಾಡಿದ ಮೇಲೆ ಸಂಘದ ಸಭೆಯಲ್ಲಿ, ಕಾಲೇಜಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ. ಕೆಲವರು ಕಾಗದ ಬರೆಯುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸು ಎಂಬುದು ಮಾತ್ರ ನಿಮ್ಮ ಡಾಕ್ಟರ ಜೊತೆಗೇ ತೀರ್ಮಾನವಾಗಬೇಕು.

## ಮೊದಮೊದಲ ಅನುಮಾನಗಳು

ಬೇಜಾರು ಎಲ್ಲರಿಗೂ ಆಗುತ್ತೆ. ಅದನ್ನ ಡಿಪ್ರೆಶನ್ ಅಂತ ಯಾವಾಗ ಅನ್ನೋದು?

ಬೇಜಾರಿಗೆ ನಡುನಡುವೆ ಬಿಡುವು ಇರುತ್ತದೆ. ಸಾವಿನ ಮನೆಯಲ್ಲೂ ಹೋದವರ ಹಳೇ ಮಾತು ನೆನೆದು ಒಂದು ಗಳಿಗೆ ನಗುತ್ತೇವೆ. ಖಿನ್ನತೆಯಲ್ಲಿ ಆ ಬಿಡುವು ಸಿಗುವುದಿಲ್ಲ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುತ್ತದೆ, ಅಥವಾ ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾಗುತ್ತದೆ. ಈ ಎರಡರಲ್ಲಿ ಒಂದಂತೂ ಇರಲೇಬೇಕು. ಅದರ ಜೊತೆಗೆ ನಿದ್ದೆ ಕೆಡುವುದು, ಹಸಿವು ಮತ್ತು ತೂಕದ ಏರುಪೇರು, ಸುಸ್ತು, ಓದಿದ್ದು ಕೇಳಿದ್ದು ತಲೆಗೆ ಹೋಗದಿರುವುದು, ನಡೆನುಡಿ ನಿಧಾನವಾಗುವುದು ಇಲ್ಲವೇ ಕೂತಲ್ಲಿ ಕೂರಲಾಗದ ಚಡಪಡಿಕೆ, ಎಲ್ಲ ನನ್ನದೇ ತಪ್ಪು ಎಂಬ ಕೊರಗು, ಸಾವಿನ ಯೋಚನೆ. ಒಟ್ಟು ಈ ಒಂಬತ್ತರಲ್ಲಿ ಐದು ಕಂಡು, ಕೆಲಸ ಸಂಸಾರ ನಡೆಸುವುದೇ ಕಷ್ಟವಾದಾಗ ಡಾಕ್ಟರು ಅದನ್ನು ಖಿನ್ನತೆ ಎನ್ನುತ್ತಾರೆ.

ನನಗೆ ಅಳುವೇ ಬರಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ಬಿದ್ದ ಪೇಪರನ್ನು ತಂದು ಜಗಲಿಯ ಕುರ್ಚಿ ಮೇಲೆ ಹಾಕುತ್ತಿದ್ದೆ, ಬಿಚ್ಚುತ್ತಿರಲಿಲ್ಲ. ಊರಿಂದ ಬಂದ ತಂಗಿ ಎಣಿಸಿದಳು: ಹದಿನಾರು ಸುರುಳಿ, ಹದಿನಾರಕ್ಕೂ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಕಾಫಿಗೆ ಮುಂಚೆ ಪೇಪರ್ ಹಿಡಿಯುತ್ತಿದ್ದ ಅಕ್ಕ ಇವಳಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ನನಗೆ ಗೊತ್ತಾಗಿರಲಿಲ್ಲ.

ನಮ್ಮವ್ವ ದಿನಾ ಮೈಕೈ ನೋವು, ಎದಿ ಭಾರ ಅಂತಾಳ್ರಿ. ಎಲ್ಲಾ ಟೆಸ್ಟ್ ನಾರ್ಮಲ್ ಬಂದಾವು. ಇದು ಮನಸಿಂದ ಇರಬಹುದೇನ್ರಿ?

ಇರಬಹುದು. ನಮ್ಮ ಕಡೆ ಹಿರಿಯರು "ಮನಸ್ಸು ಸರಿ ಇಲ್ಲ" ಎಂದು ಹೇಳುವುದು ಕಡಿಮೆ. ತಲೆ ಜುಂ ಅನ್ನುತ್ತೆ, ಕೈಕಾಲು ಸೆಳೀತಾವೆ, ನಿತ್ರಾಣ, ಗ್ಯಾಸು ಎಂದೇ ಹೇಳುತ್ತಾರೆ. ಅವ್ವನ ನೋವು ಸುಳ್ಳಲ್ಲ. ಖಿನ್ನತೆಯಲ್ಲಿ ಮೈ ನಿಜವಾಗಿಯೂ ನೋಯುತ್ತದೆ. "ಟೆಸ್ಟಿನಾಗ ಏನೂ ಇಲ್ಲಲ್ಲ" ಎಂದು ಮಾತ್ರ ಅವರಿಗೆ ಹೇಳಬೇಡಿ. ನಿದ್ದೆ ಹೇಗಿದೆ, ಊಟ ಸೇರುತ್ತದಾ, ಮೊಮ್ಮಕ್ಕಳು ಬಂದರೆ ಮೊದಲಿನ ಹಾಗೆ ಖುಷಿಯಾಗುತ್ತದಾ ಎಂದು ಕೇಳಿ.

ಆಗಿರುವ ಟೆಸ್ಟುಗಳಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಸೇರಿವೆಯೇ ನೋಡಿ. ಥೈರಾಯ್ಡ್ ಕಡಿಮೆಯಾದರೂ ಥೇಟ್ ಖಿನ್ನತೆಯ ಹಾಗೇ ಇರುತ್ತದೆ. ವಯಸ್ಸಾದವರಲ್ಲಿ ಇನ್ನೊಂದು ಗೊಂದಲವಿದೆ. ಖಿನ್ನತೆಯಿಂದಲೇ ಮರೆವು ಬರುತ್ತದೆ, ಮನೆಯವರು ಅರುಳುಮರುಳು ಎಂದು ಕೈಬಿಡುತ್ತಾರೆ. ಚಿಕಿತ್ಸೆ ಕೊಟ್ಟರೆ ಅಂಥ ಮರೆವು ಎಷ್ಟೋ ಸಲ ಸುಧಾರಿಸುತ್ತದೆ.

ನಮಗೇನು ಕಮ್ಮಿ ಮೇಡಂ? ಮನೆ ಇದೆ, ಸಂಬಳ ಇದೆ, ಮಕ್ಕಳು ಓದ್ತಿದಾರೆ. ಆದ್ರೂ ಯಾಕೆ ಬಂತು?

ಸಕ್ಕರೆ ಕಾಯಿಲೆ ಬಂದವರನ್ನು ನಾವು ಹೀಗೆ ಕೇಳುವುದಿಲ್ಲ. ವಂಶದಲ್ಲಿ ಇದ್ದದ್ದು, ಚಿಕ್ಕಂದಿನ ಪೆಟ್ಟು, ಸಾಲ, ಸಾವು, ಒಂಟಿತನ, ದೀರ್ಘ ಕಾಯಿಲೆ, ಕುಡಿತ, ಹೆರಿಗೆ, ಹೀಗೆ ಹಲವು ಸೇರಿ ಬರುತ್ತದೆ. ಕೆಲವರಲ್ಲಿ ಹೊರಗಿನ ಕಾರಣ ಕಾಣುವುದೇ ಇಲ್ಲ. 2015–16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ದೊಡ್ಡವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅಂದರೆ ಊರಿನ ಒಂದು ಬಸ್ಸು ತುಂಬಿದರೆ ಅದರಲ್ಲಿ ಇಬ್ಬರೋ ಮೂವರೋ.

## ಯಾರ ಹತ್ತಿರ ಹೋಗುವುದು

ನಮ್ಮ ತಾಲ್ಲೂಕಲ್ಲಿ ಮನೋವೈದ್ಯರೇ ಇಲ್ಲ. ಬೆಂಗಳೂರಿಗೇ ಹೋಗ್ಬೇಕಾ?

ಬೇಡ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ನಿದ್ದೆ, ಹಸಿವು, ಮನಸ್ಸು ಮೂರನ್ನೂ ಹೇಳಿ. ಸಾಧಾರಣ ಖಿನ್ನತೆಗೆ ಅವರೇ ಚಿಕಿತ್ಸೆ ಶುರು ಮಾಡಬಹುದು. ಇದನ್ನು ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆ ನಮ್ಮದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಇವತ್ತು ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೂ ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ.

ಎಲ್ಲಿಗೂ ಹೋಗಲಾಗದ ರಾತ್ರಿಗೆ ಟೆಲಿ ಮನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಹೆಚ್ಚಾಗಿ ಮನಃಶಾಸ್ತ್ರಜ್ಞರದು. ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಂಡವರ ಓದು, ತರಬೇತಿ ಏನೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಗಳಿಗೆ ಗಂಡು ನೋಡ್ತಿದೀವಿ. ಆಸ್ಪತ್ರೇಲಿ ಹೆಸರು ಬರೆಸಿದ್ರೆ ಊರಿಗೆಲ್ಲ ಗೊತ್ತಾಗಲ್ವಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು. ಆಸ್ಪತ್ರೆಯವರು ಬಾಯಿಬಿಡುವಂತಿಲ್ಲ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ನಮ್ಮಮ್ಮ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನೆರೆಮನೆಯವರಿಗೆ ಕಣ್ಣಿನ ಡಾಕ್ಟರಲ್ಲಿಗೆ ಎಂದು ಹೇಳಿದ್ದರು. ಅದಕ್ಕಾಗಿ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನೆಪ ಯಾವುದಾದರೂ ಹೇಳಿ, ಹೋಗುವುದನ್ನು ಮಾತ್ರ ಮುಂದೆ ಹಾಕಬೇಡಿ. ಮೇಲೆ ಹೇಳಿದ ಸಮೀಕ್ಷೆಯ ಕಾಲಕ್ಕೆ ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರ ಎಂಬುದರಷ್ಟೇ ಈ ನಾಚಿಕೆಯೂ ಅದಕ್ಕೆ ಕಾರಣ ಎಂದು ನಾನು ನಂಬಿದ್ದೇನೆ.

## ಮಾತ್ರೆಯ ವಿಷಯ

ಇವೆಲ್ಲ ನಿದ್ದೆ ಮಾತ್ರೆಗಳೇ ಅಲ್ವಾ? ಒಮ್ಮೆ ಶುರು ಮಾಡಿದ್ರೆ ಅಭ್ಯಾಸ ಆಗಿಬಿಡುತ್ತೆ ಅಂತಾರೆ.

ಎರಡು ಬೇರೆ ಜಾತಿಯ ಮಾತ್ರೆಗಳನ್ನು ಜನ ಒಂದೇ ಮಾಡಿಬಿಟ್ಟಿದ್ದಾರೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್ ಖಿನ್ನತೆಯ ಮಾತ್ರೆಗಳು. ಇವು ನಶೆ ಕೊಡುವುದಿಲ್ಲ, ಇನ್ನೂ ಬೇಕು ಎನಿಸುವುದಿಲ್ಲ. ಥಟ್ಟನೆ ನಿಲ್ಲಿಸಿದರೆ ಮಾತ್ರ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಅನುಭವ ಆಗುತ್ತದೆ. ಅದಕ್ಕೇ ನಿಧಾನವಾಗಿ ಇಳಿಸುತ್ತಾರೆ. ಆಲ್ಪ್ರಾಜೊಲಾಮ್, ಕ್ಲೋನಾಜೆಪಾಮ್ ಬೇರೆ ಜಾತಿ. ಗಾಬರಿಯನ್ನು ಕೂಡಲೇ ಇಳಿಸುತ್ತವೆ, ನಿದ್ದೆ ತರುತ್ತವೆ, ಅಭ್ಯಾಸವಾಗುವುದು ಇವೇ. ಡಾಕ್ಟರು ಇವನ್ನು ಕೆಲವು ವಾರಕ್ಕೆಂದು ಬರೆದಿರುತ್ತಾರೆ, ನಾವು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ತರುತ್ತೇವೆ. ನಿಮ್ಮ ಚೀಟಿಯಲ್ಲಿ ಎರಡು ಮಾತ್ರೆ ಇದ್ದರೆ ಯಾವುದು ಯಾವುದಕ್ಕೆ, ಯಾವುದು ಎಷ್ಟು ದಿನ ಎಂದು ಕೇಳಿ ಪಟ್ಟಿಯ ಹಿಂಬದಿಗೆ ಪೆನ್ನಿನಲ್ಲಿ ಬರೆದುಕೊಳ್ಳಿ.

ಹತ್ತು ದಿನ ಆಯ್ತು. ಗುಣ ಕಾಣ್ತಿಲ್ಲ, ಬರೀ ಹೊಟ್ಟೆ ತೊಳಸುತ್ತೆ. ನಿಲ್ಲಿಸಿಬಿಡ್ಲಾ?

ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಈ ಮಾತ್ರೆಗಳ ಕಷ್ಟವೇ ಇದು: ತೊಂದರೆ ಮೊದಲ ವಾರ, ಉಪಕಾರ ಎರಡರಿಂದ ನಾಲ್ಕನೇ ವಾರ, ಪೂರ್ತಿ ಗುಣಕ್ಕೆ ಆರರಿಂದ ಎಂಟು ವಾರ. ಹೊಟ್ಟೆ ತೊಳಸುವುದು, ತಲೆನೋವು, ಸಣ್ಣ ಗಾಬರಿ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಗ್ಗುತ್ತವೆ. ಊಟದ ನಂತರ ತೆಗೆದುಕೊಂಡರೆ ಎಷ್ಟೋ ವಾಸಿ. ಬದಲಾವಣೆ ನಮಗಿಂತ ಮೊದಲು ಮನೆಯವರಿಗೆ ಕಾಣುತ್ತದೆ. ಮೂರನೇ ವಾರ ನಾನು ಚಟ್ನಿಗೆ ಉಪ್ಪು ಕಮ್ಮಿ ಎಂದೆನಂತೆ. ಅಮ್ಮ ಒಳಗೆ ಹೋಗಿ ಅತ್ತರು. ಎರಡು ತಿಂಗಳಿಂದ ನಾನು ರುಚಿಯ ಮಾತೇ ಎತ್ತಿರಲಿಲ್ಲ.

ಒಂದು ಎಚ್ಚರಿಕೆ. 25 ವರ್ಷದೊಳಗಿನವರಿಗೆ ಮಾತ್ರೆ ಶುರುವಾದ ಅಥವಾ ಡೋಸು ಬದಲಾದ ಮೊದಲ ವಾರಗಳಲ್ಲಿ ಚಡಪಡಿಕೆಯೋ ಸಾವಿನ ಯೋಚನೆಯೋ ಹೆಚ್ಚಾದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ಯಾವ ವಯಸ್ಸಿನವರಾದರೂ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ವಿಪರೀತ ಮಾತು, ಕೈಬಿಟ್ಟು ಖರ್ಚು ಶುರುವಾದರೂ ಹಾಗೆಯೇ. ಅದು ಮನಸ್ಸು ಒಮ್ಮೆ ಕುಗ್ಗಿ ಒಮ್ಮೆ ಉಬ್ಬುವ ಬೈಪೋಲಾರ್ ಕಾಯಿಲೆಯ ಗುರುತಾಗಿರಬಹುದು, ಅದಕ್ಕೆ ಮಾತ್ರೆ ಬೇರೆ.

ಈಗ ಆರಾಮಾಗಿದೀನಿ. ಇನ್ನೂ ಯಾಕೆ ಮಾತ್ರೆ?

ಈ ಪ್ರಶ್ನೆಗೆ ನನ್ನ ಬದುಕಿನ ಒಂದು ವರ್ಷ ಹೋಗಿದೆ. ಮೊದಲ ಸಲ ಮೂರು ತಿಂಗಳಿಗೇ ಚೆನ್ನಾದೆ. ಶ್ರಾವಣ ಬಂತು, ಮನೆ ತುಂಬ ನೆಂಟರು, ಇನ್ನು ಇವೆಲ್ಲ ಏಕೆ ಎಂದು ಅರ್ಧ ಉಳಿದ ಪಟ್ಟಿಯನ್ನು ಕಸಕ್ಕೆ ಹಾಕಿದೆ. ಯಾರನ್ನೂ ಕೇಳಲಿಲ್ಲ. ದೀಪಾವಳಿಗೆ ಹಂಡೆಗೆ ನೀರು ತುಂಬುವ ಹಬ್ಬದ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಎರಡನೇ ಸಲ ಗುಣವಾಗಲು ಮೊದಲಿಗಿಂತ ಎರಡರಷ್ಟು ಸಮಯ ಹಿಡಿಯಿತು.

ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಡೋಸಿನಲ್ಲಿ ಮುಂದುವರಿಸುವುದು ವಾಡಿಕೆ. ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಆಮೇಲೆ ವಾರಗಳ, ತಿಂಗಳುಗಳ ಲೆಕ್ಕದಲ್ಲಿ ಇಳಿಸುತ್ತಾರೆ. ಮನೆಯಲ್ಲಿ ಸಾವು, ಮದುವೆ, ಪರೀಕ್ಷೆ, ಊರು ಬದಲಾವಣೆ ಇರುವಾಗ ಇಳಿಸುವುದು ಬೇಡ.

ಗಂಡ ಹೆಂಡತಿ ವಿಷಯದಲ್ಲಿ ಆಸಕ್ತಿ ಹೋಗಿದೆ. ಡಾಕ್ಟರ ಹತ್ರ ಹೇಳೋಕೆ ನಾಚಿಕೆ.

ಹೇಳಿ. ಅವರು ದಿನಾ ಕೇಳುವ ದೂರು ಇದು. ಖಿನ್ನತೆಯಿಂದಲೂ ಆಗುತ್ತದೆ, ಮಾತ್ರೆಯಿಂದಲೂ ಆಗುತ್ತದೆ. ಡೋಸು ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಹೇಳದೆ ಮಾತ್ರೆ ಬಿಟ್ಟವರನ್ನು ತುಂಬ ಕಂಡಿದ್ದೇನೆ.

## ಮಾತು ಮತ್ತು ದಿನಚರಿ

ಮಾತಾಡಿದ್ರೆ ಕಾಯಿಲೆ ಹೋಗುತ್ತಾ? ಫ್ರೆಂಡ್ ಹತ್ರ ನಾನು ದಿನಾ ಮಾತಾಡ್ತೀನಲ್ಲ!

ಗೆಳತಿ ಇರುವುದು ದೊಡ್ಡ ಭಾಗ್ಯ, ಅದು ಉಳಿಯಲಿ. ಚಿಕಿತ್ಸೆಯ ಮಾತಿಗೆ ಮಾತ್ರ ಒಂದು ಗುರಿ, ಒಂದು ಕ್ರಮ ಇರುತ್ತದೆ, ಮನೆಗೆಲಸ ಕೊಡುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿ ಎಂಬ ವಿಧಾನದಲ್ಲಿ ಮನಸ್ಸು ತಾನೇ ಹೇಳಿಕೊಳ್ಳುವ ಮಾತನ್ನು ಹಿಡಿದು ಪರೀಕ್ಷಿಸುವುದನ್ನು ಕಲಿಸುತ್ತಾರೆ. "ನಾನು ಕೆಟ್ಟ ತಾಯಿ" ಎಂದು ನಾನು ಹೇಳಿದಾಗ ಥೆರಪಿಸ್ಟ್ ಸಮಾಧಾನ ಮಾಡಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ಮಗನಿಗಾಗಿ ಏನೇನು ಮಾಡಿದಿರಿ, ಬರೀರಿ" ಎಂದು ಹಾಳೆ ಕೊಟ್ಟರು. ಹನ್ನೊಂದು ಸಾಲಾಯಿತು. ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ನನಗೆ ಬಹಳ ಧೈರ್ಯ ಕೊಟ್ಟದ್ದು. ಮನೋವಿಜ್ಞಾನದ ಡಿಗ್ರಿ ಇಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಮೂರು ತಿಂಗಳ ನಂತರ ಅವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಡಾಕ್ಟರ ಆರೈಕೆಯಷ್ಟೇ ಸಿಕ್ಕವರಲ್ಲಿ 39. ಸಾಧಾರಣ ಖಿನ್ನತೆಗೆ ಮಾತಿನ ಚಿಕಿತ್ಸೆ ಒಂದೇ ಸಾಕಾಗಬಹುದು. ತೀವ್ರವಾದದ್ದಕ್ಕೆ ಮಾತು, ಮಾತ್ರೆ ಎರಡೂ ಸೇರಿದರೆ ಒಳ್ಳೆಯದು.

ಏಳೋಕೇ ಆಗಲ್ಲ, ಇವರು ವಾಕಿಂಗ್ ಹೋಗು ಅಂತಾರೆ. ಎಲ್ಲಿಂದ ಶುರು ಮಾಡ್ಲಿ?

ವಾಕಿಂಗ್‌ನಿಂದ ಬೇಡ. ಹಾಸಿಗೆಯಲ್ಲಿ ಎದ್ದು ಕೂರುವುದರಿಂದ. ಮನಸ್ಸು ಬಂದರೆ ಮಾಡೋಣ ಎಂದು ಕಾಯುತ್ತೇವೆ, ಕಾಯಿಲೆ ಕಸಿದುಕೊಂಡಿರುವುದು ಆ ಮನಸ್ಸನ್ನೇ. ಆದ್ದರಿಂದ ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ. ಗೋವಾದಲ್ಲಿ ಹೇಳಿಕೊಟ್ಟದ್ದೂ ಮುಖ್ಯವಾಗಿ ಇದನ್ನೇ.

ನನ್ನ ಮೊದಲ ವಾರದ ಕೆಲಸ ಕಾಫಿ ಫಿಲ್ಟರ್ ತೊಳೆಯುವುದು, ಅಷ್ಟೇ. ಮೇಲಿನ ಬಟ್ಟಲು, ಕೆಳಗಿನ ಬಟ್ಟಲು, ಮುಚ್ಚಳ. ಮೊದಲ ದಿನ ಮೇಲಿನದು ತೊಳೆದು ಸಾಕಾಗಿ ಕೂತೆ. ಮೂರನೇ ದಿನ ಮೂರೂ ಆಯಿತು. ಎರಡನೇ ವಾರ ಗೇಟಿನವರೆಗೆ ನಡಿಗೆ, ನಾಲ್ಕನೇ ವಾರ ಹಾಲಿನ ಡೈರಿಯವರೆಗೆ. ಮಾಡಿದ ಮೇಲೆ ಎಷ್ಟು ಹಗುರಾಯಿತು ಎಂದು ಕ್ಯಾಲೆಂಡರಿನಲ್ಲಿ ಹತ್ತಕ್ಕೆ ಅಂಕ ಹಾಕುತ್ತಿದ್ದೆ. ಎರಡು, ಎರಡು, ಮೂರು. ಆ ಮೂರು ನೋಡಿದಾಗ ಆದ ಸಂತೋಷ ಹೇಳತೀರದು. ನಿಮ್ಮ ಕೈಗೆ ಆಗುವುದರ ಅರ್ಧದಷ್ಟನ್ನು ಗೊತ್ತು ಮಾಡಿಕೊಳ್ಳಿ, ಹೊತ್ತೂ ಗೊತ್ತು ಮಾಡಿಕೊಳ್ಳಿ. ಏಳುವ ಸಮಯ ದಿನಾ ಒಂದೇ ಇರಲಿ, ರಾತ್ರಿ ನಿದ್ದೆ ಬರಲಿ ಬಾರದಿರಲಿ.

ಯೋಗ, ಪ್ರಾಣಾಯಾಮ, ದೇವಸ್ಥಾನ ಇವು ಸಾಲವಾ?

ಇವು ಇರಲಿ. ವ್ಯಾಯಾಮ, ಯೋಗದಿಂದ ಖಿನ್ನತೆ ತಗ್ಗುತ್ತದೆ. ನಿಮ್ಹಾನ್ಸ್‌ನಲ್ಲೇ ಯೋಗ ಚಿಕಿತ್ಸೆಯ ವಿಭಾಗವಿದೆ. ಗುಡಿಗೆ ಹೋದರೆ ನಾಲ್ಕು ಜನರ ಮುಖ ನೋಡಿದಂತಾಗುತ್ತದೆ. ಹರಕೆ ಹೊತ್ತ ಮೇಲೆ ಮಾತ್ರೆ ಬಿಡಿ ಎನ್ನುವವರ ಮಾತು ಮಾತ್ರ ಕೇಳಬೇಡಿ.

## ಮನೆಯವರಿಗೆ

ನಾವೇನು ಮಾಡ್ಬೇಕು? ಏನು ಹೇಳಿದ್ರೂ ಸಿಟ್ಟು, ಇಲ್ಲಾಂದ್ರೆ ಮೌನ.

"ಮನಸ್ಸು ಗಟ್ಟಿ ಮಾಡ್ಕೋ" ಎನ್ನಬೇಡಿ. ಅದು ಆಗದೆ ಇರುವುದಕ್ಕೇ ಅವರು ತಮ್ಮನ್ನು ತಾವು ಬೈದುಕೊಳ್ಳುತ್ತಿರುತ್ತಾರೆ. "ಏನು ಬೇಕು?" ಎಂಬ ಪ್ರಶ್ನೆಯೂ ಭಾರ, ಉತ್ತರ ಯೋಚಿಸುವ ಶಕ್ತಿ ಇರುವುದಿಲ್ಲ. "ಗಂಜಿ ಮಾಡಿದೀನಿ, ಎರಡು ತುತ್ತು ತಿನ್ನು", "ನಾಳೆ ಹತ್ತಕ್ಕೆ ಆಸ್ಪತ್ರೆಗೆ ಹೋಗೋಣ, ಆಟೋ ಹೇಳಿದೀನಿ": ಹೀಗೆ. ನನ್ನ ಗಂಡ ಸಂಜೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಮಾತಿಲ್ಲ. ಒಂದು ದಿನ ನಾನೂ ಕೈ ಹಾಕಿದೆ.

"ನಾನಿದ್ದು ಏನು ಪ್ರಯೋಜನ" ಅಂತಾರೆ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗಲ್ವಾ?

ಆಗುವುದಿಲ್ಲ. ನೇರವಾಗಿ, ಮೆಲ್ಲಗೆ ಕೇಳಿ: "ಜೀವ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ?" ಕೇಳಿದರೆ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಹೌದೆಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ವಿಷದ ಡಬ್ಬಗಳನ್ನು ಅವತ್ತೇ ಮನೆಯಿಂದ ಆಚೆ ಸಾಗಿಸಿ, ಮಾತ್ರೆಗಳನ್ನು ಬೀಗದಲ್ಲಿಟ್ಟು ದಿನದ ಲೆಕ್ಕ ಕೊಡಿ. ಅಂಥ ಗಳಿಗೆ ಎಷ್ಟೋ ಸಲ ಕೆಲವೇ ಹೊತ್ತಿನದು, ಆ ಹೊತ್ತಿಗೆ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. 14416ಕ್ಕೆ ಕರೆ ಮಾಡಿ. ಅಪಾಯ ಎದುರಿಗೇ ಇದ್ದರೆ 112, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಪೊಲೀಸು ಕೇಸಿಗೆ ಹೆದರಿ ತಡ ಮಾಡಬೇಡಿ. 2017ರ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿ ಮಾಡುವಂತಿಲ್ಲ.

ಮಗಳು ಬಾಣಂತಿ. ತಿಂಗಳಾಯ್ತು, ಸುಮ್ಮಸುಮ್ಮನೆ ಅಳ್ತಾಳೆ. ಹಾಲುಣಿಸೋಳಿಗೆ ಮಾತ್ರೆ ಕೊಡಬಹುದಾ?

ಹೆರಿಗೆಯಾದ ಮೊದಲ ಎರಡು ವಾರದ ಅಳು ಬಹಳ ಜನರಿಗೆ ಬಂದು ಹೋಗುತ್ತದೆ. ತಿಂಗಳಾದರೂ ಇದೆ ಎಂದರೆ ತೋರಿಸಬೇಕು. ಸರ್ಟ್ರಾಲಿನ್‌ನಂಥ ಮಾತ್ರೆ ಎದೆಹಾಲಿಗೆ ಬಹಳ ಕಡಿಮೆ ಹೋಗುತ್ತದೆ, ಹಾಲುಣಿಸುತ್ತಲೇ ಚಿಕಿತ್ಸೆ ಪಡೆಯಬಹುದು. ರಾತ್ರಿ ಒಂದು ಹೊತ್ತು ಮಗುವನ್ನು ಬೇರೆಯವರು ನೋಡಿಕೊಂಡು ಅವಳಿಗೆ ನಾಲ್ಕೈದು ಗಂಟೆ ಸತತ ನಿದ್ದೆ ಕೊಡಿಸಿ. ಇಲ್ಲದ್ದು ಕೇಳಿಸುತ್ತದೆ, ಕಾಣಿಸುತ್ತದೆ, ಮಗುವಿಗೆ ಏನೋ ಮಾಡಿಬಿಡುತ್ತೇನೆ ಎಂದರೆ ಗಂಟೆಯೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

## ಬಹಳ ದಿನದಿಂದ ಚಿಕಿತ್ಸೆಯಲ್ಲಿರುವವರ ಪ್ರಶ್ನೆಗಳು

ಎರಡು ಮಾತ್ರೆ ಬದಲಾಯಿಸಿದ್ರು. ಈಗ ಕರೆಂಟ್ ಕೊಡ್ಬೇಕು ಅಂತಿದಾರೆ. ಭಯ ಆಗ್ತಿದೆ.

ಮೊದಲ ಮಾತ್ರೆಗೇ ಪೂರ್ತಿ ಗುಣವಾಗುವವರು ಸುಮಾರು ಮೂರರಲ್ಲಿ ಒಬ್ಬರು, ಆದ್ದರಿಂದ ಬದಲಾವಣೆ ಎಂದರೆ ಸೋಲಲ್ಲ. ಡೋಸು ಸಾಕಷ್ಟಿತ್ತೇ, ಆರು ವಾರ ಬಿಡದೆ ತೆಗೆದುಕೊಂಡಿರಾ, ಕುಡಿತ ಇದೆಯೇ ಎಂದು ಮತ್ತೊಮ್ಮೆ ಮಾತಾಡಿ.

ಕರೆಂಟ್ ಚಿಕಿತ್ಸೆ 1938ರಲ್ಲಿ ಇಟಲಿಯಲ್ಲಿ ಶುರುವಾದದ್ದು. ಸಿನಿಮಾದಲ್ಲಿ ತೋರಿಸುವ ಕೈಕಾಲು ಒದರುವ ದೃಶ್ಯ ಈಗ ಇಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ಮಾಡಬೇಕು, ಇಲ್ಲದಿದ್ದರೆ ನಮ್ಮ ಕಾನೂನಿನಲ್ಲಿ ನಿಷೇಧ. ಸಾಮಾನ್ಯವಾಗಿ ಒಟ್ಟು ಆರರಿಂದ ಹನ್ನೆರಡು ಸಲ, ವಾರಕ್ಕೆ ಎರಡು ಮೂರು. ಆ ದಿನಗಳ ನೆನಪು ಸ್ವಲ್ಪ ಮಸುಕಾಗುವುದುಂಟು, ಕೆಲವರಿಗೆ ಹಳೆಯ ಕೆಲವು ನೆನಪುಗಳಿಗೂ ತೊಂದರೆಯಾಗುತ್ತದೆ. ಊಟ ನೀರು ಬಿಟ್ಟವರಿಗೆ, ಜೀವಕ್ಕೆ ಅಪಾಯವಿರುವವರಿಗೆ ಇದರಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆ ಕಡಿಮೆ.

ಇನ್ಶೂರೆನ್ಸ್ ಸಿಗುತ್ತಾ?

ಮೈ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕೆಂದು 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಹೊರರೋಗಿ ಚೀಟಿ, ಮಾತ್ರೆಯ ಖರ್ಚು ಸೇರಿದೆಯೇ ಎಂಬುದು ಪಾಲಿಸಿಗೊಂದು ರೀತಿ, ಓದಿ ನೋಡಿ.

ಮತ್ತೆ ಬರದ ಹಾಗೆ ಮಾಡಬಹುದಾ?

ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮತ್ತೆ ಬರುತ್ತದೆ. ಪೂರ್ತಿ ತಡೆಯುತ್ತೇನೆಂದು ಯಾರೂ ಮಾತು ಕೊಡಲಾರರು. ಬೇಗ ಹಿಡಿಯಬಹುದು, ಚಿಕ್ಕದರಲ್ಲೇ ನಿಲ್ಲಿಸಬಹುದು. ಮಾತ್ರೆಯ ಅವಧಿ ಮುಗಿಸುವುದು, ನಿದ್ದೆಯ ಹೊತ್ತು ಕಾಯುವುದು, ಕುಡಿತದಿಂದ ದೂರವಿರುವುದು, ಚೆನ್ನಾಗಿರುವಾಗಲೂ ಸಿಬಿಟಿಯ ಪಾಠ ಬಿಡದಿರುವುದು ಕೆಲಸಕ್ಕೆ ಬರುತ್ತವೆ. ಮೂರು ಅಥವಾ ಹೆಚ್ಚು ಸಲ ಬಂದವರಿಗೆ ಧ್ಯಾನ ಮತ್ತು ಸಿಬಿಟಿ ಬೆರೆಸಿದ ಎಂಟು ವಾರದ ತರಬೇತಿಯೂ ಇದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಕಾಯಿಲೆ ಯಾವ ಬಾಗಿಲಿಂದ ಬರುತ್ತದೆ ಎಂದು ಗುರುತಿಸಿ. ನಮ್ಮ ಬೀದಿಯ ಒಬ್ಬ ಅಕ್ಕನಿಗೆ ರಂಗೋಲಿ ಚಿಕ್ಕದಾಗುತ್ತದೆ. ಹದಿನೈದು ಚುಕ್ಕಿಯಿಂದ ಒಂಬತ್ತು, ಐದು, ಆಮೇಲೆ ಬರೀ ಎರಡು ಗೆರೆ. ಈಗ ಎದುರುಮನೆಯವರಿಗೂ ಗೊತ್ತು, ಗೆರೆ ಕಂಡರೆ ಬಂದು ಬಾಗಿಲು ತಟ್ಟುತ್ತಾರೆ. ಒಬ್ಬ ಹುಡುಗನಿಗೆ ಗಡ್ಡ, ಒಬ್ಬ ಮೇಷ್ಟ್ರಿಗೆ ಫೋನ್ ಎತ್ತದಿರುವುದು. ಚೆನ್ನಾಗಿರುವ ದಿನ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ನನ್ನ ಗುರುತುಗಳು ಇವು, ಕಂಡರೆ ಯಾರಿಗೆ ಹೇಳಬೇಕು, ಡಾಕ್ಟರ ನಂಬರು ಯಾವುದು, ಯಾವ ಮಾತ್ರೆ ಯಾವ ಡೋಸಿನಲ್ಲಿ ಹಿಡಿಸಿತ್ತು. ಒಂದು ಪ್ರತಿ ಮನೆಯವರ ಹತ್ತಿರ ಇರಲಿ.

ನನ್ನದು ಫ್ರಿಜ್ಜಿನ ಪಕ್ಕ ಗೋಡೆಗೆ ಅಂಟಿಸಿದೆ. ಮೊದಲ ಸಾಲು: ಮೂರು ದಿನದ ಪೇಪರ್ ಬಿಚ್ಚದೆ ಉಳಿದರೆ ತಂಗಿಗೆ ಫೋನ್ ಮಾಡುವುದು. ಅದರ ಕೆಳಗೆ ಮಗ ಪೆನ್ಸಿಲಿನಲ್ಲಿ ಸೇರಿಸಿದ್ದಾನೆ: ಅಮ್ಮ ಮರೆತರೆ ನಾನು ಮಾಡ್ತೀನಿ.